ಗುಬ್ಬಿ ಕಂಪನಿ ಕಟ್ಟಿದವರು ವೀರಣ್ಣನವರೇ?

ಗುಬ್ಬಿ ನಾಟಕ ಕಂಪನಿ ಶುರು ಮಾಡಿದವರು ವೀರಣ್ಣನವರೇ ತಾನೇ, ನಿಮ್ಮ ಕಡೆ ಜನ ಅವರನ್ನು ಈಗಲೂ ನೆನೆಯುತ್ತಾರಾ ಅಂತ ಕೇಳಿದ್ದೀರಿ. ನಾನು ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನವನು. ಉತ್ತರ ಬರೆಯದೆ ಇರೋಕಾಗಲಿಲ್ಲ.

ಕಂಪನಿ ಹುಟ್ಟಿದ್ದು 1884ರಲ್ಲಿ, ವೀರಣ್ಣನವರು ಹುಟ್ಟಿದ್ದು 1891ರಲ್ಲಿ. ಕಟ್ಟಿದವರು ಚಂದಣ್ಣನವರು, ಜೊತೆಗೆ ನಾಟಕದ ಹುಚ್ಚು ಹತ್ತಿದ್ದ ಅವರ ಸಂಗಡಿಗರು. ಅವರಿಟ್ಟ ಪೂರ್ತಿ ಹೆಸರು ನೋಡಿ: ಗುಬ್ಬಿ ಶ್ರೀ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘ. ಊರಿದೆ, ಊರ ದೇವರಿದ್ದಾನೆ, ಕಟ್ಟಿದವರ ಹೆಸರು ಮಾತ್ರ ಎಲ್ಲೂ ಇಲ್ಲ. ಚಂದಣ್ಣನವರ ಮೇಲೆ ನನಗೆ ಗೌರವ ಮೂಡಿದ್ದೇ ಇದರಿಂದ.

ವೀರಣ್ಣನವರು ಚಿಕ್ಕ ಹುಡುಗನಾಗಿದ್ದಾಗಲೇ ಆ ಸಂಘ ಸೇರಿದವರು. 1917ರಲ್ಲಿ ಒಡೆತನ ಅವರ ಕೈಗೆ ಬಂತು. ಆಮೇಲಿನದು ನಾಡಿಗೇ ಗೊತ್ತು. ರಾಜ್‌ಕುಮಾರ್ ಅವರ ತಂದೆ ಪುಟ್ಟಸ್ವಾಮಯ್ಯನವರು, ಜಿ.ವಿ. ಅಯ್ಯರ್ ಎಲ್ಲ ಅಲ್ಲಿ ಬಣ್ಣ ಹಚ್ಚಿದವರೇ. ಮನೆ ಬಿಟ್ಟು ಬಂದು ಕಂಪನಿ ಸೇರಿದ್ದ ಬಿ.ವಿ. ಕಾರಂತರನ್ನು ಎಂ.ಎ. ಓದಲಿ ಅಂತ ಕಾಶಿಗೆ ಕಳಿಸಿದ್ದೂ ವೀರಣ್ಣನವರೇ. ತನ್ನ ಕಂಪನಿಯ ಹುಡುಗನನ್ನು ಓದೋಕೆ ಅಂತ ಅಷ್ಟು ದೂರ ಕಳಿಸೋ ಮಾಲೀಕರು ಎಷ್ಟು ಜನ ಸಿಗ್ತಾರೆ ಹೇಳಿ!

ನಮ್ಮ ತಾತ ಹುಡುಗನಾಗಿದ್ದಾಗ ಅಣ್ಣನ ಜೊತೆ ಬುತ್ತಿ ಕಟ್ಟಿಕೊಂಡು ತುಮಕೂರಿಗೆ ನಡೆದುಹೋಗಿ ಕಂಪನಿಯ ‘ಕುರುಕ್ಷೇತ್ರ’ ನಾಟಕ ನೋಡಿ ಬಂದಿದ್ದರು. ನೆಲದ ಟಿಕೆಟ್ಟು, ತೀರಾ ಮುಂದೆ. ರಂಗದ ಮೇಲೆ ನಿಜವಾದ ಆನೆ ಬಂದಾಗ ಹೆದರಿ ಅಣ್ಣನ ಕಂಬಳಿಯೊಳಗೆ ನುಗ್ಗಿಬಿಟ್ಟರಂತೆ. ಆದರೆ ಅವರು ಸಾಯೋವರೆಗೂ ಹೇಳುತ್ತಿದ್ದದ್ದು ಆನೆಯ ಕತೆಗಿಂತ ಹೆಚ್ಚಾಗಿ ‘ಸದಾರಮೆ’ಯಲ್ಲಿ ವೀರಣ್ಣನವರು ಮಾಡುತ್ತಿದ್ದ ಕಳ್ಳನ ಪಾತ್ರದ ವಿಷಯ. ಹೇಳುತ್ತಾ ಹೇಳುತ್ತಾ ಎದ್ದು ಪಂಚೆ ಎತ್ತಿಕಟ್ಟಿ, ಪಡಸಾಲೆಯಲ್ಲಿ ರಾಗಿ ಮೂಟೆಗಳ ನಡುವೆ ತುದಿಗಾಲಲ್ಲಿ ಹೆಜ್ಜೆ ಇಡುತ್ತಿದ್ದರು. ಮಂಡಿನೋವಿನ ತಾತ ಆಗ ಬೇರೆಯೇ ಮನುಷ್ಯ. ನಾನು ವೀರಣ್ಣನವರನ್ನು ನೋಡಿಲ್ಲ. ಅವರು ತೀರಿಕೊಂಡದ್ದು 1972ರಲ್ಲಿ, ಪದ್ಮಶ್ರೀ ಬಂದ ವರ್ಷವೇ. ನಾನು ನೋಡಿದ್ದು ತಾತನ ಆ ಹೆಜ್ಜೆಗಳನ್ನು.

ಜನ ನೆನೆಯುತ್ತಾರಾ ಅಂದಿರಲ್ಲ, ಖಂಡಿತ ನೆನೆಯುತ್ತಾರೆ. ತುಮಕೂರಿನ ಕಲಾಕ್ಷೇತ್ರಕ್ಕೆ ವೀರಣ್ಣನವರ ಹೆಸರಿದೆ, ಸರ್ಕಾರ ಅವರ ಹೆಸರಲ್ಲಿ ರಂಗಭೂಮಿಯವರಿಗೆ ಪ್ರಶಸ್ತಿ ಕೊಡುತ್ತೆ. ಮೊಮ್ಮಗಳು ಬಿ. ಜಯಶ್ರೀ ಅವರು ‘ಸದಾರಮೆ’ಯನ್ನು ಮತ್ತೆ ರಂಗಕ್ಕೆ ತಂದರು. ಚಂದಣ್ಣನವರು ಅಂದರೆ ಮಾತ್ರ ನಮ್ಮೂರ ಹುಡುಗರೇ “ಯಾವ ಚಂದಣ್ಣ?” ಅಂತಾರೆ. ಅದು ಕೇಳಿದಾಗ ನನಗೆ ಸಂಕಟ ಆಗುತ್ತೆ. ಇನ್ನು ಮುಂದೆ ನಿಮ್ಮನ್ನು ಯಾರಾದರೂ ಇದೇ ಪ್ರಶ್ನೆ ಕೇಳಿದರೆ ದಯವಿಟ್ಟು ಎರಡೂ ಹೆಸರು ಹೇಳಿ.