ಕೌಬಾಯ್ ಸಿನಿಮಾಗಳಲ್ಲಿ ಯಾವಾಗಲೂ ಅದೇ ಟೋಪಿ, ಅದೇ ಕುದುರೆ. ನೋಡುವವರಿಗೆ ಬೇಜಾರಾಗೋದಿಲ್ವಾ?

ನನ್ನ ಸೋದರಮಾವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಆದರೂ ಟಿವಿಯಲ್ಲಿ ಕೌಬಾಯ್ ಸಿನಿಮಾ ಬಂದರೆ ಜಾಗ ಬಿಟ್ಟು ಏಳುತ್ತಿರಲಿಲ್ಲ. ಸಲೂನಿನ ಬಾಗಿಲು ತಳ್ಳಿಕೊಂಡು ಒಬ್ಬ ಒಳಗೆ ಬರುತ್ತಾನೆ. (ಸಲೂನ್ ಅಂದರೆ ನಮ್ಮ ಕಟಿಂಗ್ ಶಾಪ್ ಅಲ್ಲ, ಅಲ್ಲಿನ ಹೆಂಡದಂಗಡಿ.) ಪಿಯಾನೋ ನಿಲ್ಲುತ್ತದೆ. ಕುಡಿಯುತ್ತಿದ್ದವರು ತಿರುಗಿ ನೋಡುತ್ತಾರೆ. "ನೋಡ್ತಾ ಇರು, ಈಗ ಗಲಾಟೆ ಶುರು" ಅನ್ನುತ್ತಿದ್ದರು ಮಾವ. ಶುರುವಾಗುತ್ತಿತ್ತು ಕೂಡ. ಅವರಿಗೆ ಬೇಜಾರಂತೂ ಆಗಿದ್ದು ನಾನು ನೋಡಿಲ್ಲ. ತಾನು ಹೇಳಿದ್ದು ಸರಿಯಾಯಿತು ಅನ್ನೋ ಖುಷಿಯೇ ಜಾಸ್ತಿ.

ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಇದೆ. ಟೋಪಿ, ಕುದುರೆ, ರಿವಾಲ್ವರ್, ದೂಳಿನ ಬೀದಿ, ಇವು ಕಣ್ಣಿಗೆ ಕಾಣುವ ಗುರುತುಗಳು. ಐಕಾನೋಗ್ರಫಿ ಅನ್ನೋದು ಇದಕ್ಕೇ. ಕೊನೆಗೆ ಬೀದಿಯಲ್ಲಿ ಗುಂಡಿನ ಕಾಳಗ ಆಗಬೇಕು, ಹೀರೋ ಊರು ಬಿಟ್ಟು ಹೋಗಬೇಕು, ಇವು ಕಥೆಯ ರೂಢಿಗಳು. ಗುರುತು ಕಂಡ ಕೂಡಲೇ ನಾವು ರೂಢಿಗಾಗಿ ಕಾಯತೊಡಗುತ್ತೇವೆ. ಯಕ್ಷಗಾನ ನೋಡಿದವರಿಗೆ ಇದು ಹೊಸದಲ್ಲ. ಬಣ್ಣದ ವೇಷ ತೆರೆಯ ಹಿಂದಿನಿಂದ ಅಬ್ಬರಿಸಿದರೆ ಸಾಕು, ಬಂದಿರೋದು ರಾಕ್ಷಸ ಅಂತ ಮಕ್ಕಳಿಗೂ ಗೊತ್ತು. ಗೊತ್ತು ಅಂತ ಯಾರೂ ಎದ್ದು ಮನೆಗೆ ಹೋಗೋದಿಲ್ಲ, ಅಲ್ವಾ?

ಈ ಗುರುತುಗಳು ನಿಜವಾದ ಪಶ್ಚಿಮ ಅಮೆರಿಕದಿಂದಲೇ ಬರಬೇಕು ಅಂತೇನೂ ಇಲ್ಲ. 1903ರ 'ದಿ ಗ್ರೇಟ್ ಟ್ರೇನ್ ರಾಬರಿ' ಹನ್ನೆರಡು ನಿಮಿಷದ ಸಿನಿಮಾ. ರೈಲು ದರೋಡೆ, ಕುದುರೆ ಮೇಲೆ ಬೆನ್ನಟ್ಟುವುದು, ಗುಂಡಿನ ಕಾಳಗ ಎಲ್ಲ ಅದರಲ್ಲಿದೆ. ಅದನ್ನು ತೆಗೆದದ್ದು ಮಾತ್ರ ಪೂರ್ವದ ನ್ಯೂಜೆರ್ಸಿಯ ಸುತ್ತಮುತ್ತ! ಆಮೇಲೆ ನಿರ್ದೇಶಕ ಜಾನ್ ಫೋರ್ಡ್ 1939ರ 'ಸ್ಟೇಜ್‌ಕೋಚ್' ಮಾಡಲು ಮಾನ್ಯುಮೆಂಟ್ ವ್ಯಾಲಿಗೆ ಹೋದ. ಯೂಟಾ, ಅರಿಝೋನಾ ಗಡಿಯಲ್ಲಿ ನವಾಹೋ ಜನರ ನೆಲದಲ್ಲಿ ನಿಂತಿರುವ ಆ ಕೆಂಪು ಬಂಡೆಗಳನ್ನು ಅವನು ಮತ್ತೆ ಮತ್ತೆ ತೋರಿಸಿದ. ಈಗ ಆ ಬಂಡೆ ಕಂಡರೆ ಸಾಕು, ಜನ ಕುದುರೆಯ ಸದ್ದಿಗೆ ಕಾಯುತ್ತಾರೆ.

ಬಿಳಿ ಟೋಪಿಯವನು ಒಳ್ಳೆಯವನು, ಕಪ್ಪು ಟೋಪಿಯವನು ಕೆಟ್ಟವನು ಅಂತ ಒಂದು ಮಾತಿದೆ. ಅದನ್ನು ಜಾಸ್ತಿ ನಂಬಬೇಡಿ. 1952ರ 'ಹೈ ನೂನ್'ನಲ್ಲಿ ಗ್ಯಾರಿ ಕೂಪರ್‌ನ ತಲೆ ಮೇಲೆ ಇರೋದೇ ಕಪ್ಪು ಟೋಪಿ, ಅವನೇ ಹೀರೋ, ಊರಿನ ಮಾರ್ಷಲ್, ಅಂದರೆ ಪೊಲೀಸ್ ಅಧಿಕಾರಿ. ಮಧ್ಯಾಹ್ನ ಹನ್ನೆರಡರ ರೈಲಿಗೆ ವೈರಿ ಬರುತ್ತಾನೆ. ಆಗಾಗ ಗಡಿಯಾರ ತೋರಿಸುತ್ತಾರೆ. ಊರಿನವರು ಒಬ್ಬೊಬ್ಬರಾಗಿ ಜಾರಿಕೊಳ್ಳುತ್ತಾರೆ. ಕೊನೆಯ ಕಾಳಗ ನಾವು ಅಂದುಕೊಂಡ ಹಾಗೇ ಆಗುತ್ತದೆ. ಆದರೆ ಗೆದ್ದವನು ತನ್ನ ಬ್ಯಾಡ್ಜ್ ಕಿತ್ತು ದೂಳಿಗೆ ಎಸೆದು ಹೊರಟುಬಿಡುತ್ತಾನೆ. ಊರು ಬಿಟ್ಟು ಹೋಗುವ ರೂಢಿ ಉಳಿಯಿತು, ಅದರ ಅರ್ಥ ಬೇರೆಯಾಯಿತು. ಜನಕ್ಕೆ ರೂಢಿ ಗೊತ್ತಿಲ್ಲದಿದ್ದರೆ ಆ ಏಟು ಅಷ್ಟು ಜೋರಾಗಿ ಬೀಳುತ್ತಿರಲಿಲ್ಲ.

ಇಟಲಿಯ ಸೆರ್ಜಿಯೋ ಲಿಯೋನೆ ಇದನ್ನೇ ಇನ್ನೂ ತುಂಟತನದಿಂದ ಮಾಡಿದ. 1968ರ 'ಒನ್ಸ್ ಅಪಾನ್ ಎ ಟೈಮ್ ಇನ್ ದಿ ವೆಸ್ಟ್' ಶುರುವಾದಾಗ ಮೂರು ಜನ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತಾರೆ. ಒಬ್ಬನ ಟೋಪಿ ಮೇಲೆ ನೀರು ತೊಟ್ಟಿಕ್ಕುತ್ತದೆ, ಇನ್ನೊಬ್ಬನ ಮುಖದ ಮೇಲೆ ನೊಣ. ನಿಮಿಷಗಟ್ಟಲೆ ಇಷ್ಟೇ! ಗುಂಡು ಹಾರುತ್ತದೆ ಅಂತ ನಮಗೆ ಗೊತ್ತಿರೋದರಿಂದಲೇ ನೊಣವನ್ನೂ ಉಸಿರು ಬಿಗಿಹಿಡಿದು ನೋಡುತ್ತೇವೆ. ಸ್ವಲ್ಪ ಹೊತ್ತಿಗೆ ಒಂದು ಕುಟುಂಬದ ಕೊಲೆ. ಪುಟ್ಟ ಹುಡುಗನಿಗೆ ಗುಂಡು ಹೊಡೆಯುವವನು ಹೆನ್ರಿ ಫೋಂಡಾ. ವರ್ಷಗಟ್ಟಲೆ ಸಜ್ಜನರ ಪಾತ್ರ ಮಾಡಿದ್ದ ನಟ. ನಮ್ಮ ಅಣ್ಣಾವ್ರು ಅಂಥ ಪಾತ್ರ ಮಾಡಿದ್ದರೆ ಥಿಯೇಟರಿನಲ್ಲಿ ಏನಾಗುತ್ತಿತ್ತು, ಸುಮ್ನೆ ಯೋಚಿಸಿ. ನಟನ ಮುಖವೂ ಒಂದು ಗುರುತೇ.

ಇನ್ನು ನಮ್ಮ ರಾಮನಗರಕ್ಕೆ ಬರೋಣ. 1975ರ 'ಶೋಲೆ'ಯ ರಾಮಗಢ ಎದ್ದು ನಿಂತದ್ದು ಅಲ್ಲಿನ ಬಂಡೆಗಳ ನಡುವೆ, ಬೆಂಗಳೂರಿನಿಂದ ಸುಮಾರು 50 ಕಿಲೋಮೀಟರ್ ದೂರದಲ್ಲಿ. ರೈಲು, ಕುದುರೆ, ದರೋಡೆಕೋರರು, ದುಡ್ಡಿಗೆ ಬಂದ ಇಬ್ಬರು ಗಂಡುಗಲಿಗಳು, ಎಲ್ಲ ಕೌಬಾಯ್ ಸಾಮಾನೇ. ಠಾಕೂರನ ಮನೆಮಂದಿಯನ್ನು ಕೊಲ್ಲುವ ದೃಶ್ಯದಲ್ಲಿ ಲಿಯೋನೆ ನೆನಪಾಗದೆ ಇರೋದಿಲ್ಲ. ಆದರೆ ಅಮೆರಿಕದ ಯಾವ ಕೌಬಾಯ್ ಕೂಡ ಗೆಳೆಯನಿಗೆ ಹೆಣ್ಣು ಕೇಳಲು ಮೌಸಿಯ ಮುಂದೆ ಹೋಗಿ ಕೂರೋದಿಲ್ಲ! ಹೋಳಿ ಹಾಡು, ಟಾಂಗಾ, ಮದುವೆ ಮಾತು ನಮ್ಮ ಜನ ಕಾಯುವ ರೂಢಿಗಳು. ನಿರ್ದೇಶಕ ರಮೇಶ್ ಸಿಪ್ಪಿ ಎರಡೂ ಕಡೆಯ ಸಾಲ ತೀರಿಸಿದರು. ಮತ್ತೆ ಗಬ್ಬರ್‌ನ ಬಟ್ಟೆ ನೋಡಿ. ಹಿಂದಿ ಸಿನಿಮಾದ ಹಳೇ ಡಾಕು ಧೋತಿ ಉಟ್ಟು, ಹಣೆಗೆ ತಿಲಕ ಇಟ್ಟು, ದೇವಿಗೆ ಕೈಮುಗಿಯುವವನು. ಗಬ್ಬರ್ ಹಾಕಿದ್ದು ಸೈನಿಕರ ಥರದ ಮಾಸಲು ಹಸಿರು ಬಟ್ಟೆ. ಇವನು ಹಳೇ ಲೆಕ್ಕಕ್ಕೆ ಸಿಗುವವನಲ್ಲ ಅಂತ ಬಾಯಿ ಬಿಡುವ ಮೊದಲೇ ಗೊತ್ತಾಗುತ್ತದೆ.

ಶೋಲೆಗೂ ಮೊದಲೇ ನಮ್ಮಲ್ಲಿ 'ಕೌಬಾಯ್ ಕುಳ್ಳ' ಬಂದಿತ್ತು, 1973ರಲ್ಲಿ. ದ್ವಾರಕೀಶ್ ಸಿನಿಮಾ. ಆ ಎರಡು ಪದ ಒಟ್ಟಿಗೆ ಓದಿದರೇ ನಗು ಬರುತ್ತದಲ್ಲ, ಅದು ಯಾಕೆ? ಕೌಬಾಯ್ ಅಂದರೆ ಎತ್ತರದ, ಕಡಿಮೆ ಮಾತಿನ ಗಂಡಸು ಅನ್ನೋ ಚಿತ್ರ ಆಗಲೇ ಜನರ ತಲೆಯಲ್ಲಿ ಕೂತಿತ್ತು. ಇಲ್ಲದಿದ್ದರೆ ತಮಾಷೆಯೇ ಹುಟ್ಟುತ್ತಿರಲಿಲ್ಲ.

ಹಾಗಾದರೆ ಬೇಜಾರು ಯಾವಾಗ ಆಗುತ್ತದೆ? ನನಗಂತೂ ಟೋಪಿ ಹಳತಾದಾಗ ಅಲ್ಲ. ಟೋಪಿ ತೋರಿಸಿ, ಅದರ ಕೆಳಗೆ ಮನುಷ್ಯನನ್ನೇ ಇಡದೆ ಹೋದಾಗ. ಬಿಡುವಿದ್ದರೆ ಮೊದಲು 'ಹೈ ನೂನ್' ನೋಡಿ, ಆಮೇಲೆ ಲಿಯೋನೆ, ಆಮೇಲೆ ಶೋಲೆಯನ್ನು ಇನ್ನೊಂದು ಸಲ. ಕೊನೆಯಲ್ಲಿ ವೀರು ಊರು ಬಿಟ್ಟು ರೈಲು ಹತ್ತುತ್ತಾನಲ್ಲ, ಆ ಬೋಗಿಯಲ್ಲಿ ಯಾರು ಕೂತಿರುತ್ತಾರೆ ಅಂತ ಗಮನಿಸಿ.