ರಂಜಕ ಅಲ್ಲ, ಫಾಸ್ಫರ್: ಒಂದು ಲೇಖನಕ್ಕೆ ಸಂಪಾದಕರ ಉತ್ತರ

ನಮಸ್ಕಾರ.

ಎಕ್ಸ್-ರೇ ಬಿದ್ದಾಗ ಬೆಳಕು ಸೂಸುವ ವಸ್ತುಗಳ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಹಾಗಂತ ಕೈಬಿಡಿ ಎಂದೂ ಹೇಳುತ್ತಿಲ್ಲ. ವಿಷಯ ಚೆನ್ನಾಗಿದೆ, ನೀವು ಓದಿಕೊಂಡಿದ್ದೀರಿ ಅನ್ನುವುದೂ ಗೊತ್ತಾಗುತ್ತದೆ. ಸ್ವಲ್ಪ ನೇರವಾಗಿಯೇ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ದೊಡ್ಡ ತಪ್ಪು. ಲೇಖನದ ಉದ್ದಕ್ಕೂ ಈ ವಸ್ತುಗಳನ್ನು ‘ರಂಜಕ’ ಎಂದು ಕರೆದಿದ್ದೀರಿ. ರಂಜಕ ಅಂದರೆ ಫಾಸ್ಫರಸ್ ಎಂಬ ಧಾತು. ನಿಮಗೆ ಬೇಕಾಗಿದ್ದ ಪದ ಫಾಸ್ಫರ್. ಬಿಳಿ ರಂಜಕ ಕತ್ತಲಲ್ಲಿ ಮಿನುಗುವುದು ಗಾಳಿಯ ಆಮ್ಲಜನಕದ ಜೊತೆ ನಿಧಾನವಾಗಿ ಸೇರುವುದರಿಂದ. ಅದಕ್ಕೆ ಎಕ್ಸ್-ರೇ ಬೇಕೇ ಇಲ್ಲ. ನೀವು ಹೆಸರಿಸಿರುವ ಕ್ಯಾಲ್ಸಿಯಂ ಟಂಗ್‌ಸ್ಟೇಟ್‌ನಲ್ಲಿ ಇರುವುದು ಕ್ಯಾಲ್ಸಿಯಂ, ಟಂಗ್‌ಸ್ಟನ್, ಆಮ್ಲಜನಕ, ಅಷ್ಟೇ. ಅದರಲ್ಲಿ ರಂಜಕ ಹುಡುಕಿದರೂ ಸಿಗುವುದಿಲ್ಲ. ‘ಪ್ರತಿದೀಪ್ತಿಶೀಲ ಪದಾರ್ಥ’ ಅನ್ನುವುದನ್ನೂ ತೆಗೆಯಿರಿ. ಸಿಂಟಿಲೇಟರ್ ಎಂದು ಬರೆದು, ವಿಕಿರಣದ ಪೆಟ್ಟಿಗೆ ಥಟ್ಟನೆ ಮಿಂಚುವ ವಸ್ತು ಎಂದು ಒಮ್ಮೆ ಹೇಳಿದರೆ ಓದುಗರು ಹಿಡಿದುಕೊಳ್ಳುತ್ತಾರೆ.

‘ವಿಜ್ಞಾನವು ಮಾನವನ ಬದುಕನ್ನು ಬದಲಿಸಿದೆ’ ಎಂದು ಶುರುವಾಗುವ ಎರಡು ಪ್ಯಾರಾ ಪೂರ್ತಿ ಹೋಗಲಿ. ನಿಮ್ಮ ಲೇಖನ ನಿಜಕ್ಕೂ ಶುರುವಾಗುವುದು ಮೂರನೆಯ ಪ್ಯಾರಾದಲ್ಲಿ: 1895ರ ನವೆಂಬರ್ 8, ಜರ್ಮನಿಯ ವುರ್ಟ್ಸ್‌ಬರ್ಗ್, ಕತ್ತಲು ಕೋಣೆ. ಕಪ್ಪು ಕಾಗದ ಸುತ್ತಿದ, ವಿದ್ಯುತ್ ಹರಿಯುವ ಗಾಜಿನ ಕೊಳವೆಯಿಂದ ದೂರದಲ್ಲಿದ್ದ ಬೇರಿಯಂ ಪ್ಲಾಟಿನೋಸಯನೈಡ್ ಪರದೆ ಹೊಳೆಯುತ್ತದೆ. ಅಲ್ಲೇ ಒಂದು ಮಾತು ಬಿಟ್ಟಿದ್ದೀರಿ. ಎಕ್ಸ್-ರೇ ಕಂಡುಹಿಡಿದ ವಿಜ್ಞಾನಿ ರಾಂಟ್‌ಜೆನ್ ಮೊದಲು ಕಂಡದ್ದು ಎಕ್ಸ್-ರೇಯನ್ನಲ್ಲ, ಆ ಪರದೆಯ ಹೊಳಪನ್ನು. ಅಂದರೆ ನಿಮ್ಮ ವಿಷಯವೇ ಇಡೀ ಕಥೆಯ ಬಾಗಿಲು ತೆರೆದದ್ದು! ಅದನ್ನು ಬಿಟ್ಟು ‘ಆಕಸ್ಮಿಕವಾಗಿ ಕಂಡುಹಿಡಿದರು’ ಎಂದು ಒಂದೇ ಸಾಲಲ್ಲಿ ಮುಗಿಸಿದ್ದೀರಿ. ಹೊಳಪು ಕಣ್ಣಿಗೆ ಬಿದ್ದದ್ದು ಆಕಸ್ಮಿಕ ಇರಬಹುದು. ಆಮೇಲೆ ಏಳು ವಾರ ಅದರ ಬೆನ್ನು ಹತ್ತಿ ಡಿಸೆಂಬರ್ 28ಕ್ಕೆ ವರದಿ ಕೊಟ್ಟದ್ದು ಆಕಸ್ಮಿಕವಲ್ಲ ಅಲ್ವಾ?

ಈಗ ಲೇಖನದ ಹೃದಯದ ವಿಷಯ. ‘ಎಕ್ಸ್-ರೇಯು ಬೆಳಕಾಗಿ ಪರಿವರ್ತನೆ ಹೊಂದುತ್ತದೆ’ ಎಂದಿದ್ದೀರಿ. ಹೇಗೆ? ಓದುಗ ಕೇಳುವುದು ಅದನ್ನೇ. ನನಗೆ ಹೊಳೆದದ್ದು ನೋಟು ಮುರಿಸುವ ಲೆಕ್ಕ. ಎಕ್ಸ್-ರೇಯ ಒಂದು ಫೋಟಾನ್, ಅಂದರೆ ಕಿರಣದ ಶಕ್ತಿಯ ಒಂದು ಪುಟ್ಟ ಪೊಟ್ಟಣ, ದೊಡ್ಡ ನೋಟು. 60,000 ಎಲೆಕ್ಟ್ರಾನ್ ವೋಲ್ಟ್ (ಇಷ್ಟು ಸಣ್ಣ ಶಕ್ತಿಯನ್ನು ಅಳೆಯುವ ಮಾನ) ಇಟ್ಟುಕೊಳ್ಳಿ. ಕಣ್ಣಿಗೆ ಕಾಣುವ ಬೆಳಕಿನ ಫೋಟಾನ್ ಎರಡು ಮೂರು ಎಲೆಕ್ಟ್ರಾನ್ ವೋಲ್ಟ್‌ನ ಚಿಲ್ಲರೆ. ದೊಡ್ಡ ನೋಟು ಹರಳಿನೊಳಗೆ ಬಿದ್ದು ಒಂದು ಎಲೆಕ್ಟ್ರಾನನ್ನು ಒದ್ದು ಹೊರಹಾಕುತ್ತದೆ. ಅದು ದಾರಿಯುದ್ದಕ್ಕೂ ಇನ್ನಷ್ಟನ್ನು ಎಬ್ಬಿಸುತ್ತದೆ. ಹೀಗೆ ಎದ್ದ ಎಲೆಕ್ಟ್ರಾನ್‌ಗಳು ಮತ್ತೆ ಕೆಳಗಿಳಿಯುವಾಗ ಬೆಳಕು ಬರುತ್ತದೆ. ಸೀಸಿಯಂ ಅಯೋಡೈಡ್ ಹರಳಿಗೆ ಚಿಟಿಕೆ ಥ್ಯಾಲಿಯಂ ಬೆರೆಸಿದ್ದರೆ, ಅಂಥ ಒಂದು ನೋಟಿಗೆ ಮೂರು ಸಾವಿರದಷ್ಟು ಬೆಳಕಿನ ಫೋಟಾನ್ ಸಿಗುತ್ತವೆ. ಹೆಚ್ಚಿನ ಪಾಲು ಬಿಸಿಯಾಗಿ ಹೋಗುತ್ತದೆ, ಕಮಿಷನ್ ಅನ್ನಿ. ಆ ಚಿಟಿಕೆ ಥ್ಯಾಲಿಯಂ ಯಾಕೆ ಎಂದು ನೀವು ಹೇಳಿಯೇ ಇಲ್ಲ. ಚಿಲ್ಲರೆ ಕೊಡುವ ಅಂಗಡಿಯೇ ಅದು.

ಒಂದು ವಾಸ್ತವದ ತಪ್ಪು. ಆಸ್ಪತ್ರೆಯ ಫಿಲ್ಮನ್ನು ಎಕ್ಸ್-ರೇ ನೇರವಾಗಿ ಕಪ್ಪು ಮಾಡುತ್ತಿತ್ತು ಎಂದಿದ್ದೀರಿ. ಫಿಲ್ಮ್ ಎಕ್ಸ್-ರೇಯನ್ನು ಹಿಡಿಯುವುದು ಬಹಳ ಕಡಿಮೆ, ಜಾಸ್ತಿ ಪಾಲು ತೂರಿ ಹೋಗಿಬಿಡುತ್ತದೆ. ಅದಕ್ಕೇ ಕ್ಯಾಸೆಟ್ಟಿನೊಳಗೆ ಫಿಲ್ಮಿನ ಎರಡೂ ಬದಿಗೆ ಫಾಸ್ಫರ್ ಹಚ್ಚಿದ ಪರದೆ ಇರುತ್ತಿತ್ತು. ಫಿಲ್ಮನ್ನು ಹೆಚ್ಚಾಗಿ ಕಪ್ಪಾಗಿಸುತ್ತಿದ್ದದ್ದು ಆ ಪರದೆಯ ಬೆಳಕು. ಇದರಿಂದ ರೋಗಿಗೆ ತಾಗುವ ವಿಕಿರಣ ಹತ್ತಾರು ಪಟ್ಟು ಇಳಿಯಿತು. ದಶಕಗಟ್ಟಲೆ ನೀಲಿ ಬೆಳಕಿನ ಕ್ಯಾಲ್ಸಿಯಂ ಟಂಗ್‌ಸ್ಟೇಟ್ ಆಳಿತು. 1970ರ ದಶಕದಲ್ಲಿ ಗ್ಯಾಡೋಲಿನಿಯಂ ಆಕ್ಸಿಸಲ್ಫೈಡ್‌ನಂಥವು ಬಂದವು. ಟರ್ಬಿಯಂ ಬೆರೆತ ಇದರ ಬೆಳಕು ಹಸಿರು, ಹಾಗಾಗಿ ಫಿಲ್ಮನ್ನೂ ಹಸಿರಿಗೆ ಸ್ಪಂದಿಸುವಂತೆ ಬದಲಿಸಬೇಕಾಯಿತು. ಇಂಥ ಸಣ್ಣ ವಿವರವೇ ಲೇಖನಕ್ಕೆ ಜೀವ ತರುತ್ತದೆ.

ಇನ್ನು ನಿಮ್ಮ ಪಟ್ಟಿ. ಹನ್ನೊಂದು ವಸ್ತು, ಹನ್ನೊಂದು ಉಪಯೋಗ, ಸುಮ್ನೆ ಒಂದರ ಕೆಳಗೊಂದು. ‘ಹೆಚ್ಚು ಬೆಳಕು ಕೊಡುವುದೇ ಉತ್ತಮ’ ಎಂದು ಕೊನೆಗೆ ತೀರ್ಪು ಬೇರೆ. ಹಾಗಾದರೆ ಒಂದೇ ವಸ್ತು ಸಾಕಿತ್ತು, ಹನ್ನೊಂದು ಯಾಕೆ? 1948ರಲ್ಲಿ ರಾಬರ್ಟ್ ಹಾಫ್‌ಸ್ಟಾಟರ್ ಕಂಡುಕೊಂಡ ಥ್ಯಾಲಿಯಂ ಬೆರೆತ ಸೋಡಿಯಂ ಅಯೋಡೈಡ್ ಧಾರಾಳವಾಗಿ ಬೆಳಕು ಕೊಡುತ್ತದೆ. ಆದರೆ ಗಾಳಿಯ ತೇವ ಹೀರಿ ಹಾಳಾಗುತ್ತದೆ, ಡಬ್ಬಿಯೊಳಗೆ ಮುಚ್ಚಿಯೇ ಇಡಬೇಕು. ಥ್ಯಾಲಿಯಂ ಬೆರೆತ ಸೀಸಿಯಂ ಅಯೋಡೈಡ್ ಎಕ್ಸ್-ರೇ ನಿಂತ ಮೇಲೂ ಸ್ವಲ್ಪ ಹೊತ್ತು ಮಿನುಗುತ್ತಿರುತ್ತದೆ. ಸುತ್ತುತ್ತಲೇ ಸಾವಿರಾರು ಅಳತೆ ತೆಗೆಯುವ ಸಿಟಿ ಯಂತ್ರಕ್ಕೆ ಇದು ಕಾಟ. ದೇಹದೊಳಗೆ ಕೊಟ್ಟ ವಿಕಿರಣಶೀಲ ವಸ್ತು ಎಲ್ಲಿ ಸೇರಿದೆ ಎಂದು ತೋರಿಸುವ ಪೆಟ್ ಸ್ಕ್ಯಾನಿನಲ್ಲಿ ವೇಗವೇ ಮುಖ್ಯ. ಅಲ್ಲಿ ಬಿಸ್ಮತ್ ಜರ್ಮನೇಟ್‌ನ ಮಿಂಚು ಆರಲು ಸುಮಾರು 300 ನ್ಯಾನೋಸೆಕೆಂಡ್ (ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲು ಒಂದು ನ್ಯಾನೋಸೆಕೆಂಡ್) ಬೇಕು, ಸೀರಿಯಂ ಬೆರೆತ ಲುಟೀಶಿಯಂ ಆರ್ಥೋಸಿಲಿಕೇಟ್‌ಗೆ 40ರ ಆಸುಪಾಸು ಸಾಕು. (ಪೆಟ್‌ನಲ್ಲಿ ಹರಳಿಗೆ ಬಡಿಯುವುದು ಗಾಮಾ ಕಿರಣ. ನೀವು ಎಕ್ಸ್-ರೇ ಎಂದು ಬರೆದಿದ್ದೀರಿ, ತಿದ್ದಿ.) ಪ್ರತಿ ವಸ್ತುವಿನ ಪಕ್ಕದಲ್ಲಿ ಅದರ ತೊಂದರೆ ಬರೆಯಿರಿ. ಪಟ್ಟಿ ತಾನಾಗಿಯೇ ಕಥೆಯಾಗುತ್ತದೆ.

ಬೇರಿಯಂ ಫ್ಲೋರೋಬ್ರೋಮೈಡ್‌ಗೆ ಮಾತ್ರ ಇನ್ನೂ ಜಾಗ ಕೊಡಿ. ಯುರೋಪಿಯಂ ಬೆರೆತ ಈ ವಸ್ತು ಚಿಲ್ಲರೆಯಲ್ಲಿ ಒಂದಿಷ್ಟನ್ನು ಕೈಗೆ ಕೊಡದೆ ಜೇಬಿನಲ್ಲೇ ಇಟ್ಟುಕೊಂಡಿರುತ್ತದೆ. ಆಮೇಲೆ ಕೆಂಪು ಲೇಸರ್ ಹಾಯಿಸಿದಾಗ ನೀಲಿ ಬೆಳಕಾಗಿ ಬಿಡುತ್ತದೆ, ಚಿತ್ರ ಮೂಡುತ್ತದೆ. ನೀವು ಒಂದೇ ವಾಕ್ಯದಲ್ಲಿ ದಾಟಿಹೋಗಿದ್ದೀರಿ, ನನಗಂತೂ ಇಡೀ ಲೇಖನದಲ್ಲಿ ಇದೇ ಇಷ್ಟವಾದ ವಸ್ತು.

ಎಡಿಸನ್‌ಗೆ ಎರಡು ಪ್ಯಾರಾ ಕೊಟ್ಟು ಕ್ಲಾರೆನ್ಸ್ ಡಾಲಿಯ ಹೆಸರೇ ತಂದಿಲ್ಲ. 1896ರಲ್ಲಿ ಎಡಿಸನ್ ಕ್ಯಾಲ್ಸಿಯಂ ಟಂಗ್‌ಸ್ಟೇಟ್ ಪರದೆಯ ಫ್ಲೋರೋಸ್ಕೋಪ್ (ಎಕ್ಸ್-ರೇ ಚಿತ್ರವನ್ನು ಪರದೆಯ ಮೇಲೆ ನೇರವಾಗಿ ನೋಡುವ ಸಾಧನ) ಮಾಡಿದಾಗ ಕೈಯೊಡ್ಡಿ ಪರೀಕ್ಷೆ ಮಾಡುತ್ತಿದ್ದ ಸಹಾಯಕ ಆತ. ವಿಕಿರಣದಿಂದ ಕೈಗಳನ್ನು ಕಳೆದುಕೊಂಡು 1904ರಲ್ಲಿ ತೀರಿಕೊಂಡ. ಎಡಿಸನ್ ಎಕ್ಸ್-ರೇ ಕೆಲಸವನ್ನೇ ಬಿಟ್ಟರು. ಅದನ್ನು ಬರೆಯಿರಿ, ಕಣ್ಣೀರು ತರಿಸುವ ಧಾಟಿ ಬೇಡ.

ಸಾವಿರದ ಇನ್ನೂರು ಪದದೊಳಗೆ ಮತ್ತೆ ಕಳಿಸಿ. ‘ಭವಿಷ್ಯ ಉಜ್ವಲವಾಗಿದೆ’ ಅನ್ನುವ ಕೊನೆಯ ಪ್ಯಾರಾ ಬೇಡ. ಆರು ಚಿತ್ರ ಕಳಿಸಿದ್ದೀರಿ, ಒಂದನ್ನು ಇಟ್ಟುಕೊಂಡಿದ್ದೇನೆ: ಸೂಕ್ಷ್ಮದರ್ಶಕದಲ್ಲಿ ತೆಗೆದ ಸೀಸಿಯಂ ಅಯೋಡೈಡ್ ಸೂಜಿಗಳದ್ದು. ಒತ್ತಾಗಿ ನಿಂತ ಆ ಸೂಜಿಗಳು ಬೆಳಕು ಅಕ್ಕಪಕ್ಕ ಚೆದುರದ ಹಾಗೆ ಕೊಳವೆಯಂತೆ ನೇರ ಕೆಳಗಿಳಿಸುತ್ತವೆ, ಅದಕ್ಕೇ ಡಿಜಿಟಲ್ ಎಕ್ಸ್-ರೇ ಚಿತ್ರ ಅಷ್ಟು ಸ್ಪಷ್ಟ. ಚಿತ್ರದ ಕೆಳಗೆ ಹಾಕಲು ಇದನ್ನೇ ನಿಮ್ಮ ಮಾತಿನಲ್ಲಿ ಎರಡು ಸಾಲು ಬರೆದು ಕಳಿಸಿ.