12 ದಿನ ಬಾಕಿ

ಸಲಹೆ ಕೇಳಿ ನನಗೆ ಮೊದಲು ಫೋನ್ ಮಾಡಿದ್ದು ಹೆಂಡತಿ. ಮೈಸೂರು ಕಡೆಯ ಹುಡುಗಿ, ಓದೋಕೆ ಅಂತ ಅಮೆರಿಕಕ್ಕೆ ಬಂದು ಇಲ್ಲೇ ಮದುವೆಯಾದವಳು.

"ಅಕ್ಕಾ, ಫ್ರಿಜ್ ಬಾಗಿಲು ತೆಗೆದ್ರೆ ಆ ಬೆಳಕೂ ತಡೀಲಾರ್ದೆ ಮುಖ ತಿರುಗಿಸ್ತಾನೆ. ಕೇಳಿದ್ರೆ ನಿದ್ದೆ ಸಾಲಲಿಲ್ಲ ಅಂತಾನೆ. ಸುಳ್ಳು ಅಂತ ನಂಗೊತ್ತು. ನಂಗೊತ್ತು ಅಂತ ಅವನಿಗೂ ಗೊತ್ತು."

ಇದು 2023ರ ಬೇಸಿಗೆಯ ಮಾತು. ಗಂಡ ಅಮೆರಿಕದವರು, ವಯಸ್ಸು 29. ಅಲ್ಲಿನ ಅತಿ ದೊಡ್ಡ ಬೇಸ್‌ಬಾಲ್ ಲೀಗ್ ಆದ ಮೇಜರ್ ಲೀಗ್‌ಗೆ ಒಂದೇ ಮೆಟ್ಟಿಲು ಕೆಳಗಿನ ಟ್ರಿಪಲ್ ಎ ಮಟ್ಟದಲ್ಲಿ ಬೇಸ್‌ಬಾಲ್ ಕ್ಯಾಚರ್. ಇಬ್ಬರನ್ನೂ ಕೇಳಿಯೇ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ಕ್ಯಾಚರ್ ಅಂದರೆ ನಮ್ಮ ವಿಕೆಟ್ ಕೀಪರ್ ಥರ ಅಂತ ನಾನೂ ಅಂದುಕೊಂಡಿದ್ದೆ. ಕಿರ್ಮಾನಿಯನ್ನು ನೋಡಿ ಬೆಳೆದವಳು ನಾನು. ಆದರೆ ವೇಗದ ಬೌಲಿಂಗ್ ಇದ್ದಾಗ ಕೀಪರ್ ದೂರ ಹಿಂದೆ ನಿಲ್ಲುತ್ತಾನೆ. ಕ್ಯಾಚರ್‌ಗೆ ಆ ಪುಣ್ಯ ಇಲ್ಲ. ಬ್ಯಾಟ್ ಬೀಸುವವನ ಬೆನ್ನಿಗೇ ಕುಕ್ಕರಗಾಲಿನಲ್ಲಿ ಕೂತಿರಬೇಕು. ಚೆಂಡು ಎಸೆಯುವ ಪಿಚರ್ ಇರುವುದು 60 ಅಡಿ 6 ಇಂಚು ದೂರದಲ್ಲಿ. ಚೆಂಡಿನ ವೇಗ ಗಂಟೆಗೆ 95 ಮೈಲಿ ಇದ್ದರೂ ಯಾರೂ ಹುಬ್ಬೇರಿಸುವುದಿಲ್ಲ. ಬ್ಯಾಟಿಗೆ ಸವರಿಕೊಂಡು ದಿಕ್ಕು ತಪ್ಪಿದ ಚೆಂಡು ಎಷ್ಟೋ ಸಲ ನೇರ ಮುಖವಾಡಕ್ಕೆ ಬಡಿಯುತ್ತದೆ. ಮುಖವಾಡ ಮೂಗು, ಹಲ್ಲು ಉಳಿಸುತ್ತದೆ. ಒಳಗೆ ಮಿದುಳು ಅಲ್ಲಾಡುವುದನ್ನು ತಡೆಯುವುದಿಲ್ಲ.

ಮೊದಲ ಭೇಟಿಯಲ್ಲಿ ಅವರು ಇಪ್ಪತ್ತು ನಿಮಿಷ ಬೇರೆಯವರ ಬಗ್ಗೆಯೇ ಮಾತಾಡಿದರು. ಹೆಂಡತಿಯ ಕೆಲಸದ ಒತ್ತಡ, ತಂಡದ ಎಳೆ ಪಿಚರ್ ಒಬ್ಬ ಸೋತ ರಾತ್ರಿ ಅಳುವುದು. ನಡುವೆ, ನಿಮಗೆ ಏಸಿ ಚಳಿ ಆಗ್ತಿದೆಯಾ ಅಂತ ನನ್ನನ್ನೂ ವಿಚಾರಿಸಿದರು. ಅವರ ಎಡಗೈ ಹೆಬ್ಬೆರಳು ಬಲಗೈಯದಕ್ಕಿಂತ ದಪ್ಪವಾಗಿತ್ತು. ಅದನ್ನು ಮೇಜಿನ ಕೆಳಗೆ ಇಟ್ಟುಕೊಂಡಿದ್ದರು.

ಆಮೇಲೆ ಒಂದೊಂದಾಗಿ ಬಿತ್ತು. ಆರು ವಾರದಲ್ಲಿ ತಲೆಗೆ ಮೂರು ಸಲ ಪೆಟ್ಟು. ಸೀಸನ್ ಶುರುವಿನಲ್ಲಿ ಆಟಗಾರರಿಗೆ ನೆನಪಿನ ಪರೀಕ್ಷೆ ಮಾಡುತ್ತಾರೆ. ಪೆಟ್ಟಾದ ಮೇಲೆ ಅದರ ಜೊತೆ ಹೋಲಿಸಿ ನೋಡೋಕೆ. ಇವರು ಆ ಪರೀಕ್ಷೆಯಲ್ಲಿ ಬೇಕಂತಲೇ ತಪ್ಪು ಉತ್ತರ ಕೊಟ್ಟಿದ್ದರು. ಮುಂದೆ ಪೆಟ್ಟು ಬಿದ್ದರೂ ಅಂಕದಲ್ಲಿ ವ್ಯತ್ಯಾಸ ಕಾಣಬಾರದಲ್ಲ!

ಯಾಕೆ ಇಷ್ಟೆಲ್ಲ? ಮೇಜರ್ ಲೀಗ್ ಪಟ್ಟಿಯಲ್ಲಿ 43 ದಿನ ಇದ್ದರೆ ಆಟಗಾರನಿಗೆ ಪಿಂಚಣಿ ಹಕ್ಕು ಬರುತ್ತದೆ. ಇವರದು 31 ದಿನ ಆಗಿತ್ತು. ಇನ್ನು 12 ಸಾಕು. ಆ ವರ್ಷ ಟ್ರಿಪಲ್ ಎ ಕನಿಷ್ಠ ಸಂಬಳ ವರ್ಷಕ್ಕೆ 35,800 ಡಾಲರ್, ಮೇಜರ್ ಲೀಗ್‌ನಲ್ಲಿ 7,20,000. ಅಲ್ಲಿರುವುದು 30 ತಂಡ, ತಂಡಕ್ಕೆ ಸಾಮಾನ್ಯವಾಗಿ ಇಬ್ಬರೇ ಕ್ಯಾಚರ್. ಇವರ ಮೇಲಿನ ತಂಡದ ಕ್ಯಾಚರ್‌ಗೆ ಏಟಾದರೆ ಇವರಿಗೆ ಕರೆ. "ಬೆಳಿಗ್ಗೆ ಎದ್ದ ತಕ್ಷಣ ಫೋನಿನಲ್ಲಿ ಗಾಯಾಳುಗಳ ಸುದ್ದಿ ನೋಡ್ತೀನಿ. ಆ ಕ್ಯಾಚರ್ ನನ್ನ ಗೆಳೆಯ," ಅಂದರು. ತಲೆನೋವಿಗಿಂತ ಈ ನಾಚಿಕೆಯೇ ಅವರನ್ನು ಜಾಸ್ತಿ ತಿನ್ನುತ್ತಿತ್ತು ಅನ್ನಿಸಿತು.

ನಾನು ಡಾಕ್ಟರ್ ಅಲ್ಲ. ಹಾಗಾಗಿ ಮೊದಲ ಸಲಹೆ ಒಂದೇ: ಕೆರಿಯರ್ ಮಾತು ಈಗ ಬೇಡ, ಮೊದಲು ತಲೆ. ಇವತ್ತೇ, ಆಟಗಾರರ ಗಾಯ ನೋಡಿಕೊಳ್ಳುವ ತಂಡದ ಟ್ರೇನರ್‌ಗೆ ಎಲ್ಲ ಹೇಳಿ, ಪರೀಕ್ಷೆಯಲ್ಲಿ ಮಾಡಿದ ಸುಳ್ಳನ್ನೂ ಸೇರಿಸಿ. ಅವರಿಗೆ ಸಿಟ್ಟು ಬಂತು. ಮುಂದಿನ ಭೇಟಿಗೆ ಬರಲೇ ಇಲ್ಲ. ನಾನೇ ತಂಡಕ್ಕೆ ಫೋನ್ ಮಾಡ್ಲಾ ಅಂತ ಹೆಂಡತಿ ಕೇಳಿದಳು. ಇನ್ನು ಎರಡು ದಿನ ತಡಿ ಅಂದೆ. ಆ ಎರಡು ದಿನದಲ್ಲಿ ಇನ್ನೊಂದು ಪೆಟ್ಟು ಬಿದ್ದಿದ್ದರೆ? ನಾನು ಹೇಳಿದ್ದು ಸರಿಯಿತ್ತಾ ಅಂತ ಇವತ್ತಿಗೂ ಅನುಮಾನ.

ಮೂರನೇ ದಿನ ಬಂದರು. ಈ ಸಲ ಬೇರೆ ಕಡೆಯಿಂದ ಶುರು ಮಾಡಿದೆ. ಪಿಚರ್ ಮೊಣಕೈ ನೋವು ಮುಚ್ಚಿಟ್ಟರೆ ನಿಮಗೆ ಹೇಗೆ ಗೊತ್ತಾಗತ್ತೆ? ಅವರ ಮುಖ ಅರಳಿತು. ತೋಳು ಒಂದೆರಡು ಇಂಚು ಕೆಳಗಿಳಿಯುತ್ತೆ, ಚೆಂಡು ಎಸೆಯೋ ಮುಂಚೆ ಉಸಿರು ಉದ್ದ ಆಗುತ್ತೆ, ನನ್ನ ಕಡೆ ನೋಡೋದೇ ಬಿಡ್ತಾನೆ... ಹತ್ತು ನಿಮಿಷ ವಿವರಿಸಿದರು. ನಿಮ್ಮನ್ನು ಹಾಗೆ ನೋಡೋರು ಯಾರಿದ್ದಾರೆ ಅಂತ ಕೇಳಿದೆ.

"ಯಾರೂ ಇಲ್ಲ. ತಂಡದ ಎಂಟೂ ಜನ ನನ್ನ ಕಡೆಗೇ ಮುಖ ಮಾಡಿ ನಿಂತಿರ್ತಾರೆ. ಆದ್ರೆ ನಾನು ಮುಖವಾಡ ಹಾಕಿರ್ತೀನಲ್ಲ."

ಎದ್ದು ಹೊರಗೆ ಹೋಗಿ ಟ್ರೇನರ್‌ಗೆ ಫೋನ್ ಮಾಡಿದರು. ಡಾಕ್ಟರ್ ಆ ಸೀಸನ್ ಮುಗಿಸಿಬಿಟ್ಟರು.

ತಲೆ ತಿಳಿಯಾದ ಮೇಲೆ ಕೆರಿಯರ್ ಮಾತಿಗೆ ಬಂದೆವು. ಜೋ ಮೌರ್ ಬಗ್ಗೆ ಹೇಳಿದೆ. ಮೂರು ಸಲ ಬ್ಯಾಟಿಂಗ್ ಪಟ್ಟ ಗೆದ್ದ ಕ್ಯಾಚರ್. 2013ರಲ್ಲಿ ತಲೆಗೆ ಪೆಟ್ಟಾದ ಮೇಲೆ ಕ್ಯಾಚಿಂಗ್ ಬಿಟ್ಟು ಫಸ್ಟ್ ಬೇಸ್ ಅನ್ನೋ ಜಾಗದಲ್ಲಿ ಫೀಲ್ಡಿಂಗ್‌ಗೆ ಹೋದವರು. "ಅವರಿಗೆ 184 ಮಿಲಿಯನ್ ಡಾಲರ್ ಒಪ್ಪಂದ ಇತ್ತು," ಅಂದರು ಇವರು. ನನ್ನ ಉದಾಹರಣೆ ಠುಸ್! ಬ್ರೂಸ್ ಬೋಚಿ ಹೆಸರು ಅವರೇ ಎತ್ತಿದರು. ಆಡುವಾಗ ಬರೀ ಬದಲಿ ಕ್ಯಾಚರ್, ಮ್ಯಾನೇಜರ್ (ಅಂದರೆ ಮುಖ್ಯ ಕೋಚ್) ಆಗಿ ಸ್ಯಾನ್ ಫ್ರಾನ್ಸಿಸ್ಕೋ ತಂಡಕ್ಕೆ ಮೂರು ವರ್ಲ್ಡ್ ಸೀರೀಸ್, ಅಂದರೆ ಮೇಜರ್ ಲೀಗ್ ಫೈನಲ್, ಗೆಲ್ಲಿಸಿದವರು. ಅದೇ ನವೆಂಬರ್‌ನಲ್ಲಿ ಟೆಕ್ಸಸ್ ಜೊತೆ ನಾಲ್ಕನೆಯದೂ ಬಂತು.

ನಾನು ಕೊಟ್ಟ ಕೆಲಸ ಸಣ್ಣದು. ಆ 12 ದಿನದಿಂದ ಎಷ್ಟು ಪಿಂಚಣಿ ಬರುತ್ತದೆ ಅಂತ ಆಟಗಾರರ ಸಂಘಕ್ಕೆ ಫೋನ್ ಮಾಡಿ ಕೇಳಿ, ಅಂಕಿ ಬರೆದಿಡಿ. ಇನ್ನೊಂದು ಪೆಟ್ಟು ಬಿದ್ದರೆ ಏನಾಗಬಹುದು ಅಂತ ಡಾಕ್ಟರನ್ನು ಕೇಳಿ, ಅದನ್ನೂ ಪಕ್ಕದಲ್ಲೇ ಬರೆಯಿರಿ. ಜನವರಿ ಕೊನೆಗೆ ತೀರ್ಮಾನ. ಅಲ್ಲಿವರೆಗೆ ಮನೆಯಲ್ಲಿ ಯಾರೂ ಆ ಮಾತು ಎತ್ತಬಾರದು. ಪ್ರತಿ ಭಾನುವಾರ ಮೈಸೂರಿನಿಂದ ವಿಡಿಯೋ ಕಾಲ್ ಮಾಡಿ "ಅಳಿಯಂದ್ರಿಗೆ ಪ್ರೊಮೋಷನ್ ಯಾವಾಗಮ್ಮಾ?" ಅಂತ ಕೇಳುತ್ತಿದ್ದ ಮಾವನವರಿಗೂ ಇದನ್ನು ಹೇಳಿಸಿದೆ. ಅದು ಎಲ್ಲಕ್ಕಿಂತ ಕಷ್ಟದ ಕೆಲಸವಾಗಿತ್ತು ಬಿಡಿ.

ಫೆಬ್ರವರಿಯಲ್ಲಿ ಪಿಚರ್‌ಗಳು, ಕ್ಯಾಚರ್‌ಗಳು ಎಲ್ಲರಿಗಿಂತ ಮೊದಲು ಕ್ಯಾಂಪ್‌ಗೆ ಹೋಗುತ್ತಾರೆ. ಇವರೂ ಹೋದರು, ಬುಲ್‌ಪೆನ್ ಕ್ಯಾಚರ್ ಆಗಿ. ಆಟಕ್ಕೆ ಇಳಿಯುವ ಮುಂಚೆ ಪಿಚರ್‌ಗಳು ಕೈ ಬೆಚ್ಚಗೆ ಮಾಡಿಕೊಳ್ಳುವಾಗ ಚೆಂಡು ಹಿಡಿಯುವ ಕೆಲಸ. ಎದುರಿಗೆ ಬ್ಯಾಟ್ ಬೀಸುವವನು ಇರುವುದಿಲ್ಲ. ಡಾಕ್ಟರ್ ಅಷ್ಟಕ್ಕೆ ಒಪ್ಪಿದರು. ಆದರೆ ಈ ಕೆಲಸ ಆಟಗಾರರ ಲೆಕ್ಕಕ್ಕೆ ಬರುವುದಿಲ್ಲ. 31 ಅಲ್ಲೇ ನಿಂತಿತು.

ಕೊನೆಯ ಸಲ ಬಂದಾಗ, ಆ ಎರಡು ಅಂಕಣದ ಚೀಟಿ ಇನ್ನೂ ಪರ್ಸಿನಲ್ಲಿದೆ ಅಂತ ತೆಗೆದು ತೋರಿಸಿದರು. ಮಡಿಕೆ ಸವೆದು ಹರಿಯುವ ಹಾಗಾಗಿತ್ತು. ಬಿಸಾಡಿ ಅಂತ ನಾನು ಹೇಳಲಿಲ್ಲ.